ಕಬ್ಬಿಣದ ಊರಿನಲ್ಲಿ ತಪಸ್ಸುಕಾಲ

ಶುಕ್ರವಾರವೆಂದರೆ ನಮಗೆ ಜುಮಾ. ಮಧ್ಯಾಹ್ನದ ನಮಾಝ್ ಮುಗಿಸಿ ಅಂಗಡಿಗೋ ಕಚೇರಿಗೋ ಮರಳಿದರೆ ನಮ್ಮ ಪಾಲಿನ ಶುಕ್ರವಾರ ಹೆಚ್ಚುಕಡಿಮೆ ಮುಗಿದಂತೆ. ಆದರೆ ಬೇಸಿಗೆ ಕಾಲಿಡುವ ಹೊತ್ತಿಗೆ, ವರ್ಷದಲ್ಲಿ ಆರೇಳು ವಾರ, ಅದೇ ಶುಕ್ರವಾರ ಶಿವಮೊಗ್ಗ ಮತ್ತು ಭದ್ರಾವತಿಯ ಚರ್ಚುಗಳಲ್ಲಿ ಇನ್ನೊಂದು ಸಮುದಾಯ ನೆರೆಯುತ್ತದೆ. ಶಿವಮೊಗ್ಗದ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯವಿರಲಿ, ಭದ್ರಾವತಿಯ ಸಣ್ಣ ಚರ್ಚಿರಲಿ, 14 ಚಿತ್ರಗಳ ಮುಂದೆ ಜನ ಒಂದೊಂದಾಗಿ ನಿಲ್ಲುತ್ತಾರೆ, ಮೊಣಕಾಲೂರುತ್ತಾರೆ, ಹಾಡುತ್ತಾ ಮುಂದೆ ಸಾಗುತ್ತಾರೆ. ಮರಣದಂಡನೆಯ ತೀರ್ಪಿನಿಂದ ಸಮಾಧಿಯವರೆಗೆ ಏಸುಕ್ರಿಸ್ತ ನಡೆದ ದಾರಿ ಅದು. 'ಶಿಲುಬೆಯ ಹಾದಿ' ಎನ್ನುತ್ತಾರೆ. ಶಿಲುಬೆಯ ವಿಚಾರದಲ್ಲಿ ಪವಿತ್ರ ಕುರ್‌ಆನಿನ ನಿಲುವು ಬೇರೆ ಎಂಬುದು ನಮ್ಮ ಓದುಗರಿಗೆ ಗೊತ್ತೇ ಇದೆ. ಆ ಚರ್ಚೆ ಇಲ್ಲಿ ಬೇಡ. ಆ ಹಾದಿಯಲ್ಲಿ ನಡೆದವನು ಕಲಿಸಿದ ಪ್ರೀತಿ ಈ ಎರಡು ಊರುಗಳ ದಿನನಿತ್ಯದ ಬದುಕಿನಲ್ಲಿ ಏನಾಗಿದೆ, ಅದರೊಡನೆ ನಮ್ಮ ಸಂಬಂಧವೇನು ಎಂಬುದಷ್ಟೇ ಇಲ್ಲಿನ ಮಾತು.

ಈ ಕಾಲಕ್ಕೆ ಕನ್ನಡ ಕ್ರೈಸ್ತರು ಇಟ್ಟಿರುವ ಹೆಸರು 'ತಪಸ್ಸುಕಾಲ'. ನಡುವಿನ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಏಸು ಮರುಭೂಮಿಯಲ್ಲಿ 40 ದಿನ ಉಪವಾಸವಿದ್ದ ನೆನಪು. ಮೊದಲ ದಿನ ವಿಭೂತಿ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮನೆಗೆ ಒಯ್ದಿದ್ದ ಗರಿಗಳನ್ನು ಸುಟ್ಟು ಬೂದಿ ಮಾಡಿ ಗುರುಗಳು ಹಣೆಗೆ ಹಚ್ಚುತ್ತಾರೆ, ನೀನು ಮಣ್ಣು, ಮಣ್ಣಿಗೇ ಮರಳುವವನು ಎಂದು ನೆನಪಿಸುತ್ತಾರೆ. ದಫನಿನ ವೇಳೆ ಮೂರು ಹಿಡಿ ಮಣ್ಣು ಹಾಕುವಾಗ ನಾವು ಓದುವ ಆಯತಿನ ಅರ್ಥವೂ ಇದರಿಂದ ದೂರವಿಲ್ಲ. ನಮ್ಮಲ್ಲಿ ಅದನ್ನು ಸತ್ತವನ ಮೇಲೆ ಓದುತ್ತೇವೆ, ಅವರಲ್ಲಿ ಬದುಕಿರುವವನ ಹಣೆಯ ಮೇಲೆ ಬರೆಯುತ್ತಾರೆ. ಬೂದಿಗೆ 'ವಿಭೂತಿ' ಎಂಬ ಮಾತು ಸಿಕ್ಕಿದ್ದು ಮಾತ್ರ ಈ ನೆಲದಿಂದ. ಅಲ್ಲಮ, ಅಕ್ಕಮಹಾದೇವಿಯರ ಸೀಮೆಯಲ್ಲಿ ಅದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯವಾದರೂ ಏನಿತ್ತು?

ಭದ್ರಾವತಿಗೆ ಬಂದರೆ ಮಾತು ಇನ್ನೂ ಸ್ವಾರಸ್ಯವಾಗುತ್ತದೆ. ಇಲ್ಲಿ ಎರಡು ಬಗೆಯ ಕ್ಯಾಥೊಲಿಕರಿದ್ದಾರೆ. ಒಂದು, ಲ್ಯಾಟಿನ್ ಪದ್ಧತಿಯವರು. ಇವರು 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಗಿ ರೂಪುಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಇನ್ನೊಂದು, ಕೇರಳದಿಂದ ಬಂದು ಮಲೆನಾಡಿನಲ್ಲಿ ಬೇಸಾಯಕ್ಕೆ ನಿಂತ ಸಿರೋ ಮಲಬಾರ್ ಪದ್ಧತಿಯವರು. ಅವರಿಗಾಗಿ 2007ರಲ್ಲಿ ಭದ್ರಾವತಿ ಎಂಬ ಹೆಸರಿನ ಧರ್ಮಪ್ರಾಂತ್ಯವೇ ಆಯಿತು. ಇವರ ಉಪವಾಸ ಬುಧವಾರಕ್ಕೆ ಕಾಯುವುದಿಲ್ಲ, ಎರಡು ದಿನ ಮೊದಲೇ ಸೋಮವಾರ ಬೂದಿ ಹಚ್ಚಿಕೊಂಡು ಆರಂಭವಾಗುತ್ತದೆ. ಅವರ ಲೆಕ್ಕದಲ್ಲಿ ಅದು ಐವತ್ತು ದಿನದ 'ನೋಂಬು'. ಕರಾವಳಿಯ ಬ್ಯಾರಿಗಳೂ ಕೇರಳದ ಮಾಪಿಳ್ಳೆಗಳೂ ರಂಜಾನಿನ ಉಪವಾಸಕ್ಕೆ ಹೇಳುವುದು ಇದೇ ನೋಂಬು. ಜೈನರ ವ್ರತಕ್ಕೆ ಹಳಗನ್ನಡ ಕೊಟ್ಟ ಹೆಸರು ನೋಂಪಿ. ಸಿರಿಯನ್ ಕ್ರೈಸ್ತರ ಪುರಾತನ ಪೂಜಾಭಾಷೆ ಸಿರಿಯಾಕ್‌ನಲ್ಲಿ ಈ ದೊಡ್ಡ ಉಪವಾಸ 'ಸೌಮಾ ರಬ್ಬಾ'. ಅರಬಿಯ 'ಸೌಮ್' ಅದರ ಒಡಹುಟ್ಟು. ಹೀಗೆ ಒಂದೇ ಬೀದಿಯ ನಾಲ್ಕು ಮನೆಗಳವರು ಹಸಿದು ಕೂರುವುದಕ್ಕೆ ಬಳಸುವ ಮಾತುಗಳನ್ನು ಹಿಡಿದು ಜಗ್ಗಿದರೆ ಎರಡೇ ಬೇರು.

ಉಪವಾಸದ ಕಟ್ಟುಪಾಡು ನಮ್ಮ ರೋಜಾದಷ್ಟು ಬಿಗಿಯಲ್ಲ. ಲ್ಯಾಟಿನ್ ಕ್ಯಾಥೊಲಿಕರಿಗೆ ಕಡ್ಡಾಯದ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನವೂ ಒಂದು ಹೊತ್ತಿನ ಪೂರ್ಣ ಊಟಕ್ಕೆ ಅವಕಾಶವಿದೆ. ಉಳಿದ ಶುಕ್ರವಾರಗಳಲ್ಲಿ ಮಾಂಸ ವರ್ಜ್ಯ. ಇಷ್ಟೇನಾ ಎಂದು ನಮ್ಮ ಹುಡುಗರು ಮೂಗೆಳೆಯುವುದುಂಟು. ಆದರೆ ನಿಯಮದಲ್ಲಿ ಇಲ್ಲದ್ದನ್ನು ಅನೇಕರು ತಾವಾಗಿಯೇ ಹಾಕಿಕೊಳ್ಳುತ್ತಾರೆ. ಒಬ್ಬರು ನಲವತ್ತು ದಿನ ಕಾಫಿ ಬಿಡುತ್ತಾರೆ, ಇನ್ನೊಬ್ಬರು ಸಿಗರೇಟು, ಮತ್ತೊಬ್ಬರು ಮೀನು. ಬಿಟ್ಟದ್ದರಿಂದ ಉಳಿದ ಕಾಸು ಬಡವರಿಗೆಂದು ಇಟ್ಟ ಪೆಟ್ಟಿಗೆಗೆ ಹೋಗುತ್ತದೆ. ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ಸೇರಿದರೇ ತಪಸ್ಸುಕಾಲ. ನಮಾಝ್, ರೋಜಾ, ಝಕಾತ್ ಎಂದು ಬೆರಳು ಮಡಿಸಿ ಕಲಿತ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ವಿಭೂತಿ ಬುಧವಾರ ಚರ್ಚಿನಲ್ಲಿ ಓದುವ ಪಾಠ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದ್ದು. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು, ಉಪವಾಸವಿದ್ದಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕು, ಹಸಿವು ಜನರಿಗೆ ಕಾಣಬಾರದು ಎಂಬುದು ಅಲ್ಲಿನ ಬೋಧೆ. ಬೇರೆ ನೆರಳಿಲ್ಲದ ಅಂತಿಮ ದಿನ ಅಲ್ಲಾಹನ ನೆರಳಿನಲ್ಲಿ ನಿಲ್ಲುವ ಏಳು ಬಗೆಯ ಜನರ ಕುರಿತು ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿರುವ ಹದೀಸ್ ನೆನಪಿಸಿಕೊಳ್ಳಿ. ಅವರಲ್ಲೊಬ್ಬನು ಎಡಗೈಗೆ ಗೊತ್ತಾಗದಂತೆ ಬಲಗೈಯಿಂದ ಕೊಟ್ಟವನು. ಮತ್ತಾಯನ 25ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಹಸಿದವನಿಗೆ ಉಣಿಸಿದ್ದು, ರೋಗಿಯನ್ನು ನೋಡಲು ಹೋದದ್ದು, ಸೆರೆಯಲ್ಲಿದ್ದವನ ಬಳಿಗೆ ಹೋದದ್ದು ಎಲ್ಲವೂ ತನಗೇ ಮಾಡಿದ್ದೆಂದು ಕ್ರಿಸ್ತನು ತೀರ್ಪಿನ ದಿನ ಹೇಳುವನೆಂದು ಅದು ಕಲಿಸುತ್ತದೆ. ನಾನು ಕಾಯಿಲೆ ಬಿದ್ದಿದ್ದೆ, ನೀನೇಕೆ ಬರಲಿಲ್ಲ ಎಂದು ಅಲ್ಲಾಹನೇ ತನ್ನ ದಾಸನನ್ನು ಕೇಳುವ ಹದೀಸ್ ಕುದ್ಸಿ ಸಹೀಹ್ ಮುಸ್ಲಿಮಿನಲ್ಲಿದೆ. ಎರಡನ್ನೂ ಒಟ್ಟಿಗೆ ಓದಿದವನಿಗೆ ಮೈ ಜುಮ್ಮೆನ್ನದೆ ಇರದು. ಕ್ರಿಸ್ತನ ಪ್ರೀತಿ ಎಂಬುದಕ್ಕೆ ಭದ್ರಾವತಿಯಂಥ ಊರಿನಲ್ಲಿ ಸಿಗುವ ಅರ್ಥ ಇದೇ. ಕನ್ಯಾಸ್ತ್ರೀಯರು ನಡೆಸುವ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬುರ್ಖಾದ ತಾಯಂದಿರು ಮಲಗಿರುತ್ತಾರೆ. ಅವರ ಶಾಲೆಯಲ್ಲಿ ನಮ್ಮ ಹೆಣ್ಣುಮಕ್ಕಳು ಓದುತ್ತಾರೆ. ಇದನ್ನು ಯಾರೂ ಸೌಹಾರ್ದ ಎಂದು ಕರೆಯುವುದಿಲ್ಲ. ಹಾಗೆ ಕರೆಯದೆ ನಡೆಯುತ್ತಿರುವುದರಿಂದಲೇ ಅದು ಇನ್ನೂ ನಡೆಯುತ್ತಿದೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆಯ ಊರಿಗೆ ಅದೇ ಒಪ್ಪುತ್ತಿತ್ತೇನೋ. ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರ ಜನವರಿಯಲ್ಲಿ ಉತ್ಪಾದನೆ ಶುರುಮಾಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ವಹಿಸಿ ನಷ್ಟದಿಂದ ಎತ್ತಿದರು. ಕಲ್ಲಿದ್ದಲಿಲ್ಲದ ಸೀಮೆಯಾದ್ದರಿಂದ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ ಕುಲುಮೆ ಉರಿಸಿದರು. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ, ಅಂದರೆ ಸೂಫಿ ಸಂತನೊಬ್ಬನ ಹೆಸರು ಹೊತ್ತ ಬಾಬಾಬುಡನ್ ಗಿರಿಸಾಲಿನಿಂದ. 1936ರಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಕೆಲಸ ಹುಡುಕಿ ತಮಿಳರು, ತೆಲುಗರು, ಮಲಯಾಳಿಗಳು, ಕೊಂಕಣಿಗರು, ಉರ್ದು ಮಾತಿನವರು ಬಂದರು, ಕ್ವಾರ್ಟರ್ಸುಗಳು ಬೆಳೆದವು, ಜೊತೆಗೆ ಗುಡಿ, ಮಸೀದಿ, ಚರ್ಚುಗಳೂ ಬೆಳೆದವು. ಕುಲುಮೆಗೆ ಭಾನುವಾರವಿಲ್ಲ, ಜುಮಾ ಇಲ್ಲ. ಎರಡನೇ ಶಿಫ್ಟಿನವನಿಗೆ ಶಿಲುಬೆಯ ಹಾದಿ ತಪ್ಪುತ್ತದೆ, ರಂಜಾನಿನಲ್ಲಿ ಇಫ್ತಾರ್ ಯಂತ್ರದ ಪಕ್ಕದಲ್ಲೇ ಆಗುತ್ತದೆ. ಒಬ್ಬನ ಹಬ್ಬಕ್ಕೆ ಇನ್ನೊಬ್ಬ ಶಿಫ್ಟ್ ಬದಲಾಯಿಸಿಕೊಳ್ಳುವುದು ಇಂಥ ಊರುಗಳ ಹಳೆಯ ಧರ್ಮ.

ವಿಭೂತಿ ಬುಧವಾರದ ಮರುದಿನ ಬಿಟ್ಟು ಬರುವ ಶುಕ್ರವಾರ ಚರ್ಚುಗಳಲ್ಲಿ ಯೆಶಾಯ ಪ್ರವಾದಿಯ 58ನೇ ಅಧ್ಯಾಯ ಓದುತ್ತಾರೆ. ಉಪವಾಸದ ದಿನವೂ ಕೂಲಿಯಾಳುಗಳನ್ನು ಹಿಂಡುವವರ ಉಪವಾಸ ದೇವರಿಗೆ ಬೇಡವೆಂದು ಪ್ರವಾದಿ ಗದರುತ್ತಾರೆ. ಕೆಲಸದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ಮುಹಮ್ಮದ್(ಸ)ರ ಮಾತನ್ನು ಇದರ ಪಕ್ಕ ಇಟ್ಟು ಈ ಊರನ್ನು ನೋಡಬೇಕು. ಕಾಗದದ ಕಾರ್ಖಾನೆ 2015ರಲ್ಲಿ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚಲು ಅದರ ಒಡೆಯ ಸಂಸ್ಥೆ 2023ರ ಜನವರಿಯಲ್ಲಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ದುಡಿಮೆ ಕಳೆದುಕೊಂಡವನ ಮನೆಯಲ್ಲಿ ಒಪ್ಪೊತ್ತಿನ ಊಟಕ್ಕೆ ತಪಸ್ಸುಕಾಲ ಬೇಕಾಗುವುದಿಲ್ಲ.

ಕುರ್‌ಆನಿನಲ್ಲಿ ಕಬ್ಬಿಣದ ಹೆಸರಿನದೇ ಒಂದು ಅಧ್ಯಾಯವಿದೆ. 57ನೆಯದು, 'ಅಲ್ ಹದೀದ್'. ಅದರ 25ನೇ ವಚನ ಕಬ್ಬಿಣದ ಶಕ್ತಿಯನ್ನೂ ಅದರಿಂದ ಜನರಿಗಾಗುವ ಪ್ರಯೋಜನವನ್ನೂ ಹೇಳುತ್ತದೆ. ಎರಡೇ ವಚನ ದಾಟಿದರೆ ಮರ್ಯಮರ ಪುತ್ರ ಈಸಾ(ಅ)ರ ಮಾತು ಬರುತ್ತದೆ. ಅವರ ಅನುಯಾಯಿಗಳ ಹೃದಯದಲ್ಲಿ ಕನಿಕರವನ್ನೂ ಕರುಣೆಯನ್ನೂ ಇಟ್ಟವನು ತಾನೇ ಎಂದು ಅಲ್ಲಾಹನು ಹೇಳುತ್ತಾನೆ. ಸನ್ಯಾಸವನ್ನು ಅವರು ತಾವಾಗಿ ಕಟ್ಟಿಕೊಂಡರು, ಅದನ್ನು ಸರಿಯಾಗಿ ಪಾಲಿಸಲೂ ಇಲ್ಲ ಎಂಬ ಟೀಕೆಯೂ ಅದೇ ವಚನದಲ್ಲಿದೆ. ನಮ್ಮ ಭಾಷಣಕಾರರು ಆ ಟೀಕೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ, ಮೊದಲ ಅರ್ಧವನ್ನು ನುಂಗುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಸಿಹಿಯಾದ ಲೇಖನವಾಗುತ್ತಿತ್ತು. ಆದರೆ ವಿಭೂತಿ ಬುಧವಾರ ಎಂದೊಡನೆ ಕರಾವಳಿ ಮೂಲದ ಕೊಂಕಣಿ ಕ್ಯಾಥೊಲಿಕರ ಮನಸ್ಸಿಗೆ ಬರುವ ಇನ್ನೊಂದು ವಿಭೂತಿ ಬುಧವಾರವಿದೆ. ಘಟ್ಟ ಹತ್ತಿ ಬಂದು ಸಾಗರ, ತೀರ್ಥಹಳ್ಳಿ, ಶಿವಮೊಗ್ಗಗಳಲ್ಲಿ ನೆಲೆಸಿದವರಲ್ಲಿ ಅವರೂ ಇದ್ದಾರೆ. ಆ ಕಥೆಯ ಬೀಜ ಬಿದ್ದದ್ದೂ ಇದೇ ಜಿಲ್ಲೆಯಲ್ಲಿ.

ಕೆಳದಿಯ ಅರಸರು ಗೋವೆಯ ಕಡೆಯಿಂದ ಬಂದ ಕ್ರೈಸ್ತ ಬೇಸಾಯಗಾರರಿಗೆ ನೆಲ ಕೊಟ್ಟವರು. 1678ರಲ್ಲಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಕರಾವಳಿಯಲ್ಲಿ ಚರ್ಚು ಕಟ್ಟಲು ಒಪ್ಪಿಗೆಯನ್ನೂ ಕೊಟ್ಟರು. 1763ರಲ್ಲಿ ಅವರ ರಾಜಧಾನಿ ಬಿದನೂರು, ಅಂದರೆ ಇಂದಿನ ಹೊಸನಗರ ತಾಲೂಕಿನ ನಗರ, ಹೈದರಾಲಿಯ ವಶವಾಯಿತು. ಹೈದರನ ಕಾಲದಲ್ಲಿ ಕ್ರೈಸ್ತರಿಗೆ ದೊಡ್ಡ ತೊಂದರೆಯಾಗಲಿಲ್ಲ. ಅವನ ಸೈನ್ಯದಲ್ಲೂ ಅವರಿದ್ದರು. 1779ರಲ್ಲಿ ಶ್ವಾರ್ಟ್ಜ್ ಎಂಬ ಪಾದ್ರಿ ಇಂಗ್ಲಿಷರ ದೂತನಾಗಿ ಶ್ರೀರಂಗಪಟ್ಟಣಕ್ಕೆ ಬಂದಾಗ ಹೈದರ್ ಅವನನ್ನು ನಂಬಿ ಗೌರವಿಸಿದ. 1782ರ ಕೊನೆಯಲ್ಲಿ ಹೈದರ್ ತೀರಿಕೊಂಡ. ಮರುತಿಂಗಳೇ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ ಬಿದನೂರಿಗೆ ಬಂದ. ಅವನ ಪಡೆ ಆನಂದಪುರದ ಕೋಟೆಯಲ್ಲಿ ನಡೆಸಿದ ಕೊಲೆಗಳ ಬಗ್ಗೆ ಇಂಗ್ಲೆಂಡಿನಲ್ಲೇ ವಾದವಿವಾದಗಳಾದವು. ಮೂರ್ನಾಲ್ಕು ತಿಂಗಳಲ್ಲಿ ಟಿಪ್ಪು ಬಿದನೂರನ್ನು ಮರಳಿ ಗೆದ್ದ, ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಆಮೇಲೆ ಕೆನರಾದ ಕ್ಯಾಥೊಲಿಕರ ಮೇಲೆ ಬಂದ ಆರೋಪ, ಇವರು ಮ್ಯಾಥ್ಯೂಸನಿಗೆ ಹಣ ಕೊಟ್ಟರು, ದಾರಿ ತೋರಿದರು ಎಂಬುದು.

1784ರ ಫೆಬ್ರವರಿಯ ವಿಭೂತಿ ಬುಧವಾರ ಅವರ ಬಂಧನ ಶುರುವಾಯಿತು. ಪುಸ್ತಕಗಳಲ್ಲಿ ಫೆಬ್ರವರಿ 24 ಎಂದು ಅಚ್ಚಾಗಿದೆ, ಲೆಕ್ಕ ಹಾಕಿದರೆ ಆ ವರ್ಷದ ವಿಭೂತಿ ಬುಧವಾರ 25ಕ್ಕೆ ಬೀಳುತ್ತದೆ. ತಾರೀಖು ಒಂದು ದಿನ ಆಚೀಚೆಯಾದರೂ ಜನರ ನೆನಪಿನಲ್ಲಿ ಉಳಿದದ್ದು ಬೂದಿ. ಒಟ್ಟು ಎಷ್ಟು ಜನ ಎಂಬುದರಲ್ಲಿ 30 ಸಾವಿರದಿಂದ 80 ಸಾವಿರದವರೆಗೆ ಭೇದವಿದೆ. ಟಿಪ್ಪುವಿನ ಕಡೆಯ ಬರಹವೇ ಹೇಳುವ ಸಂಖ್ಯೆ 60 ಸಾವಿರ. ಮಂಗಳೂರು ಸೀಮೆಯಿಂದ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ನಡಿಗೆಗೆ ಸುಮಾರು ಆರು ವಾರ ಹಿಡಿಯಿತೆನ್ನುತ್ತಾರೆ. ಅಂದರೆ ಆ ವರ್ಷದ ತಪಸ್ಸುಕಾಲ ಬಹುಪಾಲು ಕಾಡುದಾರಿಯಲ್ಲೇ ಕಳೆಯಿತು. ದಾರಿಯಲ್ಲಿ ಸತ್ತವರು, ಬಲವಂತಕ್ಕೆ ಮತಾಂತರವಾದವರು, ಸೈನ್ಯಕ್ಕೆ ಸೇರಿಸಲ್ಪಟ್ಟ ಯುವಕರು, 15 ವರ್ಷದ ಸೆರೆ. ಕರಾವಳಿಯ ಚರ್ಚುಗಳು ನೆಲಸಮವಾದವು. ಮೂಡುಬಿದಿರೆ ಸಮೀಪದ ಹೊಸಬೆಟ್ಟಿನ ಚರ್ಚು ಉಳಿದದ್ದು ಅಲ್ಲಿನ ಜೈನ ಅರಸ ಚೌಟನ ಬಿನ್ನಹದಿಂದ.

ಇದನ್ನು ನಮ್ಮ ಪತ್ರಿಕೆಗಳು ಬರೆಯುವಾಗ ಎರಡು ಸಾಲಿನಲ್ಲಿ ಮುಗಿಸಿ ಶೃಂಗೇರಿಗೆ ಹೋಗಿಬಿಡುತ್ತವೆ. ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಮಠವನ್ನು ಲೂಟಿ ಮಾಡಿದ್ದು ಪರಶುರಾಮ ಭಾವೆಯ ಮರಾಠಾ ಸೈನ್ಯದ ಕಡೆಯವರು, ಮತ್ತೆ ಕಟ್ಟಲು ನೆರವಾದದ್ದು ಟಿಪ್ಪು. ಅದು ಸತ್ಯ. ಅದೇ ಭಾವೆಯ ಸೈನ್ಯ 1791ರ ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ ಬಂದು ಊರನ್ನು ಹಾಳುಗೆಡವಿದ್ದನ್ನು ಹತ್ತು ವರ್ಷದ ಮೇಲೆ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಅದೂ ಸತ್ಯ. ಆದರೆ ಒಂದು ಸತ್ಯ ಇನ್ನೊಂದರ ಲೆಕ್ಕ ಚುಕ್ತಾ ಮಾಡುವುದಿಲ್ಲ. ಶೃಂಗೇರಿಯ ಪತ್ರದಿಂದ ಮಂಗಳೂರಿನ ವಿಧವೆಯ ಕಣ್ಣೀರು ಒರೆಸಲು ಬರುವುದಿಲ್ಲ.

ದ್ರೋಹದ ಆರೋಪವನ್ನೇ ನೋಡೋಣ. ಮ್ಯಾಥ್ಯೂಸನಿಗೆ ಬಿದನೂರನ್ನು ಒಪ್ಪಿಸಿದ್ದು ಯಾವ ಕ್ರೈಸ್ತನೂ ಅಲ್ಲ, ಹೈದರನೇ ಬೆಳೆಸಿ ನೇಮಿಸಿದ್ದ ಮುಸ್ಲಿಮ್ ಅಧಿಕಾರಿ ಶೇಖ್ ಅಯಾಝ್. ಅವನು ಇಂಗ್ಲಿಷರ ಆಶ್ರಯಕ್ಕೆ ಓಡಿಹೋದ. ಅವನ ತಪ್ಪಿಗೆ ಬಿದನೂರಿನ ಮುಸಲ್ಮಾನರನ್ನೆಲ್ಲ ಯಾರೂ ಕಟ್ಟಿ ಒಯ್ಯಲಿಲ್ಲ. ಕ್ರೈಸ್ತರಲ್ಲಿ ಕೆಲವರು ನೆರವಾಗಿದ್ದರೆಂದೇ ಇಟ್ಟುಕೊಂಡರೂ ತೊಟ್ಟಿಲ ಕೂಸು ಯಾವ ದಾರಿ ತೋರಿಸಿತ್ತು? ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂಬುದು ಕುರ್‌ಆನ್ ಮತ್ತೆ ಮತ್ತೆ ಸಾರಿದ ನಿಯಮ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬುದೂ ಅಷ್ಟೇ ಸ್ಪಷ್ಟ. ಈ ಎರಡೂ ಅಳತೆಗಳಲ್ಲಿ 1784ರ ಕೆಲಸ ತಪ್ಪು. ಹಾಗೆನ್ನಲು ಇಂಗ್ಲಿಷ್ ಇತಿಹಾಸಕಾರರ ಸಾಕ್ಷಿ ಬೇಕಿಲ್ಲ, ನಮ್ಮ ಗ್ರಂಥವೇ ಸಾಕು. ಇಂದಿನ ಮುಸ್ಲಿಮನು ಆ ತಪ್ಪಿಗೆ ಹೊಣೆಯಲ್ಲ. ಅದೇ ನಿಯಮ ಅವನನ್ನೂ ಕಾಯುತ್ತದೆ. ಆದರೆ ಸಮರ್ಥಿಸಲು ಹೊರಟ ಕ್ಷಣ ಆ ಹೊರೆಯನ್ನು ಅವನು ತಾನಾಗಿ ತಲೆಗೆ ಎತ್ತಿಕೊಳ್ಳುತ್ತಾನೆ.

ಶಿವಮೊಗ್ಗದಲ್ಲಿ ಇದನ್ನು ಹೇಳುವುದು ಸುಲಭವಲ್ಲ. ಸರ್ಕಾರ 2015ರಲ್ಲಿ ಆರಂಭಿಸಿ 2019ರಲ್ಲಿ ಕೈಬಿಟ್ಟ ಟಿಪ್ಪು ಜಯಂತಿ ಎರಡೂ ಬಾರಿ ಊರುಗಳನ್ನು ಒಡೆಯಿತು. 2022ರ ಆಗಸ್ಟ್ 15ರಂದು ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಮತ್ತು ಟಿಪ್ಪು ಫ್ಲೆಕ್ಸುಗಳ ಜಗಳ ಚೂರಿ ಇರಿತ, ನಿಷೇಧಾಜ್ಞೆಯವರೆಗೆ ಹೋಯಿತು. ಫ್ಲೆಕ್ಸಿನಲ್ಲಿ ಇತಿಹಾಸಕ್ಕೆ ಒಂದೇ ಮುಖವಿರುತ್ತದೆ. ಒಂದು ಬಣ ಟಿಪ್ಪುವನ್ನು ರಾಕ್ಷಸನೆಂದರೆ ಇನ್ನೊಂದು ಅವನನ್ನು ವಲಿಯಾಗಿಸುತ್ತದೆ, ಇಂಗ್ಲಿಷರ ವಿರುದ್ಧ ರಣರಂಗದಲ್ಲಿ ಸತ್ತ ಒಬ್ಬ ರಾಜನ ಗುಣದೋಷಗಳಿಗೆ ಜಾಗವೇ ಉಳಿಯುವುದಿಲ್ಲ. ಈ ಗಲಾಟೆಯಲ್ಲಿ 1784ರ ಕ್ರೈಸ್ತರ ನೋವನ್ನು ಬೇರೆಯವರು ತಮ್ಮ ಕತ್ತಿಗೆ ಹಿಡಿಯಾಗಿ ಬಳಸುವುದುಂಟು. ಹಾಗೆ ಬಳಸುವವರಲ್ಲಿ ಎಷ್ಟು ಮಂದಿ 2008ರಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿಯಾದಾಗ ಕ್ರೈಸ್ತರ ಪರ ನಿಂತರು ಎಂಬುದು ಬೇರೆ ಪ್ರಶ್ನೆ.

ಇನ್ನು ನೋವುಂಡವರ ಕಡೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಉಳಿದವರು ಹೊರಬಂದರು. ಚೆದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಎಲ್ಲ ಜಾತಿಮತದವರಿಗೂ ಸಿಡುಬಿನ ಲಸಿಕೆ ಹಾಕಿಸುತ್ತಾ ತಿರುಗಿದರು. ಇಲ್ಲಿಯ ಜನ ಅವರನ್ನು ದೊಡ್ಡಸ್ವಾಮಿ ಎಂದೇ ಕರೆದರು. ಕೆನರಾಕ್ಕೆ ಮರಳಿದವರು ಹೊಲ ಬಿಡಿಸಿಕೊಂಡರು, 1784ರಲ್ಲಿ ಕೆಡವಿದ್ದ ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು 1811ರಲ್ಲಿ ಮತ್ತೆ ಕಟ್ಟಿದರು. ಆಮೇಲೆ ಅದೇ ಸಮುದಾಯ ಕಟ್ಟಿದ ಶಾಲೆ, ಆಸ್ಪತ್ರೆಗಳ ಬಾಗಿಲಲ್ಲಿ ಟಿಪ್ಪುವಿನ ಧರ್ಮದವರಿಗೆ ಪ್ರವೇಶವಿಲ್ಲ ಎಂಬ ಫಲಕ ಎಂದೂ ಬೀಳಲಿಲ್ಲ. ತಪಸ್ಸುಕಾಲ ವರ್ಷವೂ ಅವರಿಗೆ ಕಲಿಸುತ್ತಾ ಬಂದ ಪ್ರೀತಿ ಇದು ಎಂದರೆ ತಪ್ಪಾಗಲಾರದು. ತನ್ನನ್ನು ಕೊಲ್ಲುವವರ ಕ್ಷಮೆಗಾಗಿ ಏಸು ಶಿಲುಬೆಯ ಮೇಲಿಂದ ಬೇಡಿದ್ದನ್ನು ಅವರು ಶುಭ ಶುಕ್ರವಾರ ಧ್ಯಾನಿಸುತ್ತಾರೆ. ಅದೇ ದಿನದ ದೀರ್ಘ ಪ್ರಾರ್ಥನೆಯಲ್ಲಿ ಕ್ರಿಸ್ತನನ್ನು ನಂಬದವರಿಗಾಗಿಯೂ ಬೇಡಿಕೆಯಿದೆ. ನಾವು ಜುಮಾ ಮುಗಿಸಿ ಮನೆಗೆ ಬಂದ ಮಧ್ಯಾಹ್ನ, ಪಕ್ಕದ ಬೀದಿಯಲ್ಲಿ ನಮ್ಮನ್ನೂ ಸೇರಿಸಿ ಪ್ರಾರ್ಥನೆ ನಡೆಯುತ್ತಿರುತ್ತದೆ.

ಅವರ ಹಿರಿಯರೂ ಈ ದಾರಿಯಲ್ಲಿ ತಡವಾಗಿಯೇ ಬಂದವರು. ಧರ್ಮಯುದ್ಧಗಳ ಲೆಕ್ಕ ಅವರ ಕಡೆಯೂ ಇದೆ. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆಯಲ್ಲಿ ಮುಸ್ಲಿಮರನ್ನು ಗೌರವದಿಂದ ಕಾಣುವುದಾಗಿ ಹೇಳಿ, ಶತಮಾನಗಳ ಕಲಹವನ್ನು ಒಪ್ಪಿಕೊಂಡು, ಹಿಂದಿನದನ್ನು ಮರೆತು ಒಬ್ಬರನ್ನೊಬ್ಬರು ಅರಿಯಲು ಕರೆ ಕೊಟ್ಟರು. 1967ರಿಂದ ವ್ಯಾಟಿಕನ್ ರಂಜಾನ್ ಹಬ್ಬಕ್ಕೆ ಶುಭಾಶಯ ಕಳಿಸುತ್ತಿದೆ. 2013ರ ಪವಿತ್ರ ಗುರುವಾರ ಹೊಸದಾಗಿ ಪೋಪ್ ಆಗಿದ್ದ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿ ಕೈದಿಗಳ ಪಾದ ತೊಳೆದರು. ಅವರಲ್ಲಿ ಒಬ್ಬಳು ಮುಸ್ಲಿಮ್ ಹುಡುಗಿ. ಅದೇ ಗುರುವಾರ ಶಿವಮೊಗ್ಗದ ಪ್ರಧಾನಾಲಯದಲ್ಲೂ ಧರ್ಮಾಧ್ಯಕ್ಷರು ಬೊಗಸೆ ನೀರು ಹಿಡಿದು ಸಾಮಾನ್ಯ ಜನರ ಪಾದದ ಬಳಿ ಬಗ್ಗುತ್ತಾರೆ. ಒಂದು ಮಾತು ಮಾತ್ರ ಹೇಳಬೇಕು. ಹಿಂದಿನದನ್ನು ಮರೆಯೋಣ ಎನ್ನುವ ಹಕ್ಕು ಪೆಟ್ಟು ತಿಂದವರದು. ಅದನ್ನು ನಾವು ಅವರ ಬಾಯಿಂದ ಕಿತ್ತುಕೊಂಡು ಹೇಳಬಾರದು.

ಈಗ ಕೆಲವು ವರ್ಷಗಳಿಂದ ರಂಜಾನ್ ಮತ್ತು ತಪಸ್ಸುಕಾಲ ಒಟ್ಟೊಟ್ಟಿಗೆ ಬರುತ್ತಿವೆ. 2025ರಲ್ಲಿ ನಮ್ಮ ಮೊದಲ ರೋಜಾ ಮಾರ್ಚ್ 2ಕ್ಕೆ, ವಿಭೂತಿ ಬುಧವಾರ 5ಕ್ಕೆ. 2026ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 18, ರಂಜಾನ್ ಅದಕ್ಕೆ ಅಂಟಿಕೊಂಡೇ. 2027ರಲ್ಲೂ ಫೆಬ್ರವರಿ ಎರಡನೇ ವಾರದಲ್ಲಿ ಎರಡೂ ಜೊತೆಯಾಗುತ್ತವೆ. ಇಂಥ ವರ್ಷಗಳಲ್ಲಿ ಈದ್ ಬಂದು ಬೀಳುವುದು ಅವರ ಉಪವಾಸದ ನಡುವೆ. ಮಾಂಸ ಬಿಟ್ಟಿರುವ ನೆರೆಮನೆಗೆ ಬಿರಿಯಾನಿ ಹೋದರೆ ಅವರು ನಗುತ್ತಾ ತೆಗೆದುಕೊಳ್ಳುತ್ತಾರೆ, ತಿನ್ನುವುದು ಬೇರೆ ಯಾರೋ. 2028ರಲ್ಲಿ ಚಂದ್ರನ ಲೆಕ್ಕ ಮುಂದೆ ಸರಿದು, ಈದ್ ಕಳೆದ ಎರಡು ಮೂರು ದಿನಕ್ಕೆ, ಮಾರ್ಚ್ 1ರಂದು, ವಿಭೂತಿ ಬುಧವಾರ ಬರಲಿದೆ. ಆ ವರ್ಷ ಶೀರ್ ಖುರ್ಮಾವನ್ನೂ ಬಿರಿಯಾನಿಯನ್ನೂ ತಡಮಾಡದೆ ಮಂಗಳವಾರದೊಳಗೆ ಕಳಿಸಿದರೆ ಸರಿ.